ಹಳೆ ವಿದ್ಯಾರ್ಥಿಗಳ ಸಂಘ: ಹಣ ಯಾರ ಕೈಗೆ, ಪಟ್ಟಿ ಯಾರ ಬಳಿ?

ಪ್ರಶ್ನೆ: ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿದವರು ನಾವು. ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪು ಚುರುಕಾಗಿದೆ. ನಮ್ಮ ವಿಭಾಗಕ್ಕೆ ಏನಾದರೂ ಮಾಡಬೇಕೆಂಬ ಆಸೆ ಎಲ್ಲರಿಗೂ ಇದೆ. ಒಂದು ಚಿನ್ನದ ಪದಕ ಇಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ಅಮೆರಿಕದಲ್ಲಿರುವ ಗೆಳೆಯರು ಹಣ ಕಳಿಸಲು ಸಿದ್ಧ. ವಿಶ್ವವಿದ್ಯಾಲಯಕ್ಕೆ ಹಳೆ ವಿದ್ಯಾರ್ಥಿಗಳ ಸಂಘ ಒಂದಿದೆಯಂತೆ, ಆದರೆ ಅದರ ಚಟುವಟಿಕೆ ಕಾಣಿಸುತ್ತಿಲ್ಲ. ಅದಕ್ಕೇ ಸೇರಬೇಕೆ, ಹೊಸದು ಕಟ್ಟಬೇಕೆ? ನಾವು ಕೊಟ್ಟ ಹಣ ಕೊನೆಗೆ ಯಾರ ಕೈಗೆ ಹೋಗುತ್ತದೆ?

ಉತ್ತರ: ಹೊಸ ಸಂಘ ನೋಂದಾಯಿಸಲು ಹೊರಡುವ ಮೊದಲು ಹಳೆಯದರ ಕಡತ ತೆಗೆಸಿ ನೋಡಿ. ಪದಕದ ಬದಲು ವಿದ್ಯಾರ್ಥಿವೇತನಕ್ಕೆ ಮನಸ್ಸು ಮಾಡಿ. ಅಮೆರಿಕದ ಗೆಳೆಯರಲ್ಲಿ ಯಾರ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ತಿಳಿಯುವ ತನಕ ಒಂದು ಡಾಲರನ್ನೂ ತರಿಸಬೇಡಿ. ಮೂರಕ್ಕೂ ಕಾರಣಗಳಿವೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು, ಸಂಘ ಬೇರೆ, ವಿಶ್ವವಿದ್ಯಾಲಯ ಬೇರೆ. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳು ಬಹುಪಾಲು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಡಿ ನಡೆಯುತ್ತವೆ. ಅಲ್ಲಿ ತೀರ್ಮಾನ ಆಡಳಿತ ಮಂಡಳಿಯಾದ ಸಿಂಡಿಕೇಟಿನದು, ಸಹಿ ಕುಲಸಚಿವರದು, ಹಣದ ಲೆಕ್ಕ ಹಣಕಾಸು ಅಧಿಕಾರಿಯದು. ಸಂಘ ಹುಟ್ಟುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಅದರ ಮೇಲೆ ಕಣ್ಣಿಡುವವರು ಸಹಕಾರ ಇಲಾಖೆಯ ಜಿಲ್ಲಾ ನಿಬಂಧಕರು. ಎರಡಕ್ಕೂ ಪ್ಯಾನ್ ಬೇರೆ, ಬ್ಯಾಂಕ್ ಖಾತೆ ಬೇರೆ, ಆಡಿಟ್ ಬೇರೆ. ಕುಲಪತಿಗಳು ಸಂಘದ ಗೌರವಾಧ್ಯಕ್ಷರಾಗಿದ್ದ ಮಾತ್ರಕ್ಕೆ ಸಂಘದ ಹಣ ವಿಶ್ವವಿದ್ಯಾಲಯದ್ದಾಗುವುದಿಲ್ಲ. ಸಂಘಕ್ಕೆ ಕ್ಯಾಂಪಸ್ಸಿನಲ್ಲಿ ಕೊಠಡಿ ಕೊಟ್ಟ ಮಾತ್ರಕ್ಕೆ ಆ ಕೊಠಡಿ ಸಂಘದ್ದೂ ಆಗುವುದಿಲ್ಲ. ಜಗಳಗಳೆಲ್ಲ ಶುರುವಾಗುವುದು ಈ ಗೆರೆ ಮಸುಕಾದ ಕಡೆಯಲ್ಲೇ.

ಈಗ ನಿಮ್ಮಲ್ಲಿರುವ ಹಳೆಯ ಸಂಘದ ವಿಚಾರ. ಅದು ಬದುಕಿದೆಯೋ ಇಲ್ಲವೋ ತಿಳಿಯಲು ಜಿಲ್ಲಾ ನಿಬಂಧಕರ ಕಚೇರಿಯಲ್ಲಿ ನಾಲ್ಕು ದಾಖಲೆಗಳ ದೃಢೀಕೃತ ನಕಲು ಕೇಳಿ: ನೋಂದಣಿ ಪತ್ರ, ಬೈಲಾ (ಸಂಘದ ಒಳನಿಯಮಗಳು), ಕೊನೆಯದಾಗಿ ಸಲ್ಲಿಸಿದ ಕಾರ್ಯಕಾರಿ ಸಮಿತಿಯ ಪಟ್ಟಿ, ಕೊನೆಯ ಆಡಿಟ್ ವರದಿ. ಕಾಯ್ದೆಯ 13ನೇ ಕಲಮಿನಂತೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮುಗಿದ 14 ದಿನದೊಳಗೆ ಸಮಿತಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಅಲ್ಲಿ ಸಲ್ಲಿಸಬೇಕು. ಊರಲ್ಲಿ ಇದಕ್ಕೆ ‘ನವೀಕರಣ’ ಎನ್ನುತ್ತಾರೆ. ಕೊನೆಯ ನವೀಕರಣ ಯಾವ ವರ್ಷದ್ದು ಎಂಬ ಒಂದೇ ದಿನಾಂಕದಿಂದ ಸಂಘದ ಆರೋಗ್ಯ ಗೊತ್ತಾಗುತ್ತದೆ. ವಿಶ್ವವಿದ್ಯಾಲಯದ ಕಡೆಯಿಂದಲೂ ಮಾಹಿತಿ ಬೇಕು. ಪ್ರವೇಶ ಶುಲ್ಕದ ಜೊತೆಗೋ ಘಟಿಕೋತ್ಸವ ಶುಲ್ಕದ ಜೊತೆಗೋ ಹಳೆ ವಿದ್ಯಾರ್ಥಿ ಶುಲ್ಕವೆಂದು ವಸೂಲಿ ಮಾಡಿದ್ದಾರೆಯೇ, ಎಷ್ಟು, ಅದು ಯಾವ ಖಾತೆಯಲ್ಲಿದೆ? ಇದನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕದ ಪ್ರಶ್ನೆ, ದತ್ತಿ ನಿಧಿಯ ಪ್ರಶ್ನೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅರ್ಜಿ ವಾಪಸ್ ಬರುತ್ತದೆ.

ಈ ಶುಲ್ಕದ ವಿಷಯ ಹಲವು ಕಡೆ ಗೋಜಲಾಗಿದೆ. ವಿದ್ಯಾರ್ಥಿ ಸಂಘಕ್ಕೆ ಅರ್ಜಿಯನ್ನೇ ಹಾಕಿರುವುದಿಲ್ಲ, ಆದರೆ ಚಲನ್‌ನಲ್ಲಿ ಶುಲ್ಕ ಕಟ್ಟಿರುತ್ತಾನೆ. ಹಣ ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಯಲ್ಲಿ ಕೂತಿರುತ್ತದೆ. ಅದನ್ನು ಸಂಘಕ್ಕೆ ವರ್ಗಾಯಿಸಲು ಸಿಂಡಿಕೇಟಿನ ನಿರ್ಣಯ ಇರುವುದಿಲ್ಲ. ವರ್ಗಾಯಿಸಿದರೆ ಆಡಿಟ್ ಆಕ್ಷೇಪಣೆ, ವರ್ಗಾಯಿಸದಿದ್ದರೆ ಸಂಘಕ್ಕೆ ಹಣವಿಲ್ಲ. ಅತ್ತ ಶುಲ್ಕ ಕಟ್ಟಿದವನಿಗೆ ತಾನು ಸದಸ್ಯನೋ ಅಲ್ಲವೋ ತಿಳಿಯದು, ಮತದಾರರ ಪಟ್ಟಿಯಲ್ಲಿ ಹೆಸರೂ ಇಲ್ಲ. ಇದನ್ನು ಸರಿಪಡಿಸಬೇಕೆಂದರೆ ಸದಸ್ಯತ್ವದ ಅರ್ಜಿಗೆ ವಿದ್ಯಾರ್ಥಿಯ ಸಹಿ ಬೇಕು, ಶುಲ್ಕ ಯಾವ ಖಾತೆಗೆ ಎಷ್ಟು ದಿನದೊಳಗೆ ಹೋಗಬೇಕು ಎಂಬ ಸಿಂಡಿಕೇಟ್ ನಿರ್ಣಯ ಬೇಕು, ಎರಡೂ ಕಡತದಲ್ಲಿರಬೇಕು.

ಹಳೆಯ ಸಂಘ ಎರಡು-ಮೂರು ವರ್ಷ ನವೀಕರಣ ತಪ್ಪಿಸಿಕೊಂಡಿದೆ ಅಷ್ಟೇ ಎಂದಾದರೆ ಅದನ್ನೇ ಎಬ್ಬಿಸಿ. ಬಾಕಿ ವರ್ಷಗಳ ಲೆಕ್ಕ ಆಡಿಟ್ ಮಾಡಿಸಿ, ದಂಡ ಕಟ್ಟಿ, ಚುನಾವಣೆ ನಡೆಸಿದರೆ ಸಂಘ ಮತ್ತೆ ನಡೆಯುತ್ತದೆ. ಒಂದೇ ಹೆಸರಿನ ಎರಡು ಸಂಘಗಳನ್ನು ನಿಬಂಧಕರು ನೋಂದಾಯಿಸುವುದಿಲ್ಲ. ಅಲ್ಲದೆ ಹಳೆಯ ಸಂಘದ ಹೆಸರಿನಲ್ಲಿ ಠೇವಣಿಗಳಿದ್ದರೆ ಅವು ಹೊಸ ಸಂಘಕ್ಕೆ ತಾನಾಗಿ ಬರುವುದೂ ಇಲ್ಲ. ಸಮಿತಿಯ ಅವಧಿ ಮುಗಿದು ವರ್ಷಗಳಾಗಿವೆ, ಇದ್ದವರಲ್ಲಿ ಕೆಲವರು ತೀರಿಹೋಗಿದ್ದಾರೆ, ಸಭೆ ಕರೆಯಲು ಅಧಿಕಾರವಿರುವವರೇ ಇಲ್ಲ ಎನ್ನುವ ಸ್ಥಿತಿಯಿದ್ದರೆ 27ಎ ಕಲಮಿನಡಿ ಆಡಳಿತಾಧಿಕಾರಿಯ ನೇಮಕಕ್ಕೆ ಅವಕಾಶವಿದೆ. ಅವರು ಚುನಾವಣೆ ನಡೆಸಿ ಅಧಿಕಾರ ಹಸ್ತಾಂತರಿಸುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ದಾರಿ, ಆದರೂ ದಾರಿ. ಕಡತದಲ್ಲಿ ಮೊಕದ್ದಮೆಯೋ ಲೆಕ್ಕಕ್ಕೆ ಸಿಗದ ದೊಡ್ಡ ಮೊತ್ತವೋ ಕಂಡರೆ ಮಾತ್ರ ದೂರವಿದ್ದು, ನಿಮ್ಮ ವಿಭಾಗದ ಹೆಸರಿನಲ್ಲಿ ಬೇರೆ ಸಂಘ ಕಟ್ಟಿಕೊಳ್ಳಿ.

ಹೊಸದಕ್ಕೆ ಕನಿಷ್ಠ ಏಳು ಜನ ಬೇಕು. ಅದಕ್ಕೆ ಸಂಘದ ಉದ್ದೇಶ ಹೇಳುವ ಜ್ಞಾಪನಾ ಪತ್ರ, ಬೈಲಾ, ಏಳೂ ಜನರ ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ, ಕಚೇರಿ ವಿಳಾಸಕ್ಕೆ ಜಾಗದವರ ಒಪ್ಪಿಗೆ ಪತ್ರ ಇಡಬೇಕು. ವಿಶ್ವವಿದ್ಯಾಲಯದ ಹೆಸರು ಬಳಸುವುದರಿಂದ ಕುಲಸಚಿವರ ನಿರಾಕ್ಷೇಪಣಾ ಪತ್ರವನ್ನೂ ಕೇಳುತ್ತಾರೆ. ಲಾಂಛನಕ್ಕೆ ಪ್ರತ್ಯೇಕ ಅನುಮತಿ ಬೇಕು, ಅದನ್ನು ಅದೇ ಪತ್ರದಲ್ಲಿ ಕೇಳಿಬಿಡುವುದು ಲೇಸು.

ಬೈಲಾದಲ್ಲಿ ಜನ ಸರಸರನೆ ದಾಟಿಹೋಗುವ ಸಾಲೊಂದಿದೆ: ಹಳೆ ವಿದ್ಯಾರ್ಥಿ ಎಂದರೆ ಯಾರು? ಸುಲಭವಾಗಿ ಕಾಣುತ್ತದೆ, ಆದರೆ ಸುಲಭವಲ್ಲ. ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1964ರಲ್ಲಿ. ಅದಕ್ಕೂ ಮೊದಲು ಸೆಂಟ್ರಲ್ ಕಾಲೇಜಿನಲ್ಲಿ ಓದಿದವರ ಪದವಿ ಮೈಸೂರು ವಿಶ್ವವಿದ್ಯಾಲಯದ್ದು, 1916ಕ್ಕೂ ಹಿಂದಿನದಾದರೆ ಮದ್ರಾಸಿನದು. ಮಂಗಳೂರಿನ ಕಾಲೇಜುಗಳಿಗೆ 1980ರ ತನಕ ಮೈಸೂರೇ. ತುಮಕೂರು, ದಾವಣಗೆರೆ, ಬೆಳಗಾವಿ, ಬಳ್ಳಾರಿಗಳಲ್ಲಿ ಓದಿದವರ ಪ್ರಮಾಣಪತ್ರದ ಮೇಲೆ ಒಂದು ಹೆಸರಿದ್ದರೆ ಓದಿದ ಕಟ್ಟಡದ ಮೇಲೆ ಈಗ ಇನ್ನೊಂದು ಹೆಸರಿದೆ. ಸಂಯೋಜಿತ ಕಾಲೇಜಿನಲ್ಲಿ ಬಿ.ಎ. ಮಾಡಿದವರು ಸೇರುತ್ತಾರೋ, ದೂರ ಶಿಕ್ಷಣದವರು ಸೇರುತ್ತಾರೋ, ಓದು ಅರ್ಧಕ್ಕೆ ಬಿಟ್ಟವರ ಗತಿಯೇನು ಎಂಬುದನ್ನು ಬರೆದಿಡದೆ ಮೊದಲ ಚುನಾವಣೆಗೆ ಹೋದರೆ ಮತದಾರರ ಪಟ್ಟಿಯ ಮೇಲೇ ದೂರು ಬೀಳುತ್ತದೆ. ವಿಶ್ವವಿದ್ಯಾಲಯ ಒಡೆದರೆ ಅಥವಾ ಇನ್ನೊಂದರಲ್ಲಿ ವಿಲೀನವಾದರೆ ಸಂಘ ಯಾವುದರ ಜೊತೆ ಹೋಗಬೇಕು ಎಂಬುದನ್ನೂ ಸೇರಿಸಿ. ಹೊಸದಾಗಿ ತೆರೆದ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾಪ 2025ರಲ್ಲಿ ಬಂದಿದ್ದನ್ನು ಎಲ್ಲರೂ ಕಂಡಿದ್ದೇವೆ.

ಉಳಿದಂತೆ ಬೈಲಾದಲ್ಲಿ ಸಮಿತಿಯ ಅವಧಿ ಎರಡು ಅಥವಾ ಮೂರು ವರ್ಷ ಇರಲಿ. ಒಬ್ಬರು ಒಂದೇ ಹುದ್ದೆಯಲ್ಲಿ ಸತತ ಎರಡು ಅವಧಿಗಿಂತ ಹೆಚ್ಚು ಇರಬಾರದು. ಸಭೆಯ ನೋಟಿಸಿಗೆ 21 ದಿನ, ಅದನ್ನು ಇಮೇಲ್‌ನಲ್ಲಿ ಕಳಿಸಿದರೂ ಸಲ್ಲುತ್ತದೆ ಎಂಬ ಸಾಲು, ಆನ್‌ಲೈನ್ ಮತದಾನಕ್ಕೆ ಅವಕಾಶ ಇವೆಲ್ಲ ಬೈಲಾದಲ್ಲೇ ಬರಲಿ, ಸಭೆಯ ದಿನ ಠರಾವು ಮಾಡಿದರೆ ಸಾಲದು. ಕೋರಂ ಅನ್ನು, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿಯನ್ನು, ಒಟ್ಟು ಸದಸ್ಯರ ಮೂರನೇ ಒಂದು ಭಾಗ ಎಂದು ಬರೆಯಬೇಡಿ. 2,000 ಆಜೀವ ಸದಸ್ಯರಿರುವ ಸಂಘಕ್ಕೆ 667 ಜನ ಎಲ್ಲಿಂದ ಬರುತ್ತಾರೆ? ಐವತ್ತು ಜನ ಅಥವಾ ಶೇಕಡ ಐದು, ಯಾವುದು ಕಡಿಮೆಯೋ ಅದು ಎಂದರೆ ಸಾಕು. ಸೇವೆಯಲ್ಲಿರುವ ಪ್ರಾಧ್ಯಾಪಕರು ಸಮಿತಿಯಲ್ಲಿ ಇರಲಿ, ಅವರಿಲ್ಲದೆ ಕ್ಯಾಂಪಸ್ಸಿನಲ್ಲಿ ಒಂದು ಕಡತವೂ ಮುಂದಕ್ಕೆ ಹೋಗದು. ಆದರೆ ಅಧ್ಯಕ್ಷ ಮತ್ತು ಖಜಾಂಚಿ ಹೊರಗಿನವರಿರಬೇಕು. ವಿಶ್ವವಿದ್ಯಾಲಯದಿಂದ ಸಂಬಳ ಪಡೆಯುವವರು ವಿಶ್ವವಿದ್ಯಾಲಯವನ್ನೇ ಲೆಕ್ಕ ಕೇಳುವ ಸ್ಥಾನದಲ್ಲಿ ಕೂತರೆ ಇಬ್ಬರಿಗೂ ಕಷ್ಟ.

ಹಣದ ವಿಷಯಕ್ಕೆ ಬರೋಣ. ಆಜೀವ ಸದಸ್ಯತ್ವದ ಶುಲ್ಕವನ್ನು ಬಂದ ವರ್ಷವೇ ಖರ್ಚು ಮಾಡುವ ಸಂಘಗಳು ಬೇಗ ಬತ್ತುತ್ತವೆ. 500 ಜನ ತಲಾ 1,000 ರೂಪಾಯಿ ಕೊಟ್ಟರೆ 5 ಲಕ್ಷ. ಶೇ 6.5ರ ಬಡ್ಡಿಯಲ್ಲಿ ಅದರಿಂದ ವರ್ಷಕ್ಕೆ ಬರುವುದು 32,500. ಆಡಿಟರ್ ಶುಲ್ಕ, ನವೀಕರಣ, ಜಾಲತಾಣ, ಒಂದು ಸಭೆಯ ಊಟ ಇಷ್ಟಕ್ಕೆ ಅದು ಮುಗಿಯುತ್ತದೆ. ಅಸಲನ್ನೇ ಮುಟ್ಟಿದರೆ ಮೂರನೇ ವರ್ಷಕ್ಕೆ ಅಂಚೆ ವೆಚ್ಚಕ್ಕೂ ಕೈಚಾಚಬೇಕಾಗುತ್ತದೆ. ಅದಕ್ಕೇ ಆಜೀವ ಶುಲ್ಕವನ್ನು ಮೂಲನಿಧಿ ಎಂದು ಬೈಲಾದಲ್ಲೇ ಕಟ್ಟಿಹಾಕಿ, ಕಾರ್ಯಕ್ರಮಕ್ಕೆ ಪ್ರತ್ಯೇಕ ದೇಣಿಗೆ ಎತ್ತಿ. ಠೇವಣಿಯನ್ನು ಶೆಡ್ಯೂಲ್ಡ್ ಬ್ಯಾಂಕಿನಲ್ಲಿಡಿ. ಒಂದೂವರೆ ಪರ್ಸೆಂಟ್ ಹೆಚ್ಚು ಬಡ್ಡಿಗೆ ಪತ್ತಿನ ಸಹಕಾರ ಸಂಘದಲ್ಲೋ ಸೌಹಾರ್ದ ಸಹಕಾರಿಯಲ್ಲೋ ಇಡೋಣ ಎನ್ನುವವರು ಪ್ರತಿ ಸಮಿತಿಯಲ್ಲೂ ಒಬ್ಬರಿರುತ್ತಾರೆ. ಬ್ಯಾಂಕಿನಲ್ಲಾದರೆ ಒಬ್ಬ ಠೇವಣಿದಾರನಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಪತ್ತಿನ ಸಂಘಗಳಿಗೆ ಆ ವಿಮೆಯೇ ಇಲ್ಲ. ಮತ್ತೊಬ್ಬರ ಹಣದ ಮೇಲೆ ಆ ಅಪಾಯ ತೆಗೆದುಕೊಳ್ಳುವ ಹಕ್ಕು ಸಮಿತಿಗಿಲ್ಲ. ಖಾತೆಗೆ ಯಾವಾಗಲೂ ಇಬ್ಬರ ಸಹಿ ಇರಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರ ಸ್ವಂತ ಯುಪಿಐಗೆ ಹಣ ಕೂಡಿಸುವುದನ್ನು ಇಂದೇ ನಿಲ್ಲಿಸಿ. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಆ ಮೊತ್ತ ಅವರ ಖಾತೆಯಲ್ಲಿ ಅವರ ಆದಾಯದಂತೆಯೇ ಕಾಣುತ್ತದೆ.

ತೆರಿಗೆ ವಿನಾಯಿತಿಗೆ ಜನ 12ಎ (ಸಂಘದ ಆದಾಯಕ್ಕೆ), 80ಜಿ (ದಾನಿ ಕೊಟ್ಟ ದೇಣಿಗೆಗೆ) ಎನ್ನುತ್ತಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಕಲಮುಗಳ ಸಂಖ್ಯೆ ಬದಲಾದರೂ ಬಳಕೆಯ ಹೆಸರು ಅದೇ ಇದೆ. ಇಲ್ಲಿ ಎಡವುವುದು ಉದ್ದೇಶಗಳ ಪಟ್ಟಿಯಲ್ಲಿ. ‘ಸದಸ್ಯರ ಪರಸ್ಪರ ಸ್ನೇಹವರ್ಧನೆ, ಸದಸ್ಯರ ಕಲ್ಯಾಣ’ ಎಂದು ಮೊದಲ ಸಾಲಿನಲ್ಲೇ ಬರೆದ ಸಂಘವನ್ನು ಇಲಾಖೆ ಸದಸ್ಯರ ಕ್ಲಬ್ ಎಂದು ನೋಡುತ್ತದೆ, ಧರ್ಮಾರ್ಥ ಸಂಸ್ಥೆ ಎಂದಲ್ಲ. ವಿದ್ಯಾರ್ಥಿವೇತನ, ಗ್ರಂಥಾಲಯ, ಪ್ರಯೋಗಾಲಯ, ಉಪನ್ಯಾಸ ಮೊದಲು ಬರಲಿ, ಪುನರ್ಮಿಲನ ಕೊನೆಗೆ. ಮೊದಲು ಸಿಗುವುದು ತಾತ್ಕಾಲಿಕ ನೋಂದಣಿ, ಮೂರು ವರ್ಷಕ್ಕೆ. ಆಮೇಲೆ ನಿಯಮಿತ ನೋಂದಣಿಗೆ ಮತ್ತೆ ಅರ್ಜಿ ಹಾಕಬೇಕು. ಪದಾಧಿಕಾರಿಗಳು ಬದಲಾದ ವರ್ಷವೇ ಆ ಗಡುವು ಬಂದು ಮರೆತುಹೋಗುವುದು ಸಾಮಾನ್ಯ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟ ದೇಣಿಗೆಗೆ ವಿನಾಯಿತಿ ಇಲ್ಲ. ದಾನಿಗಳ ವಿವರವನ್ನು ಸಂಘ ವರ್ಷಕ್ಕೊಮ್ಮೆ ಇಲಾಖೆಗೆ ಸಲ್ಲಿಸದಿದ್ದರೆ ದಾನಿಗೆ ಪ್ರಮಾಣಪತ್ರವೇ ಹುಟ್ಟುವುದಿಲ್ಲ. ಮೂಲನಿಧಿಗೆಂದೇ ಕೊಡುವವರು ಹಾಗೆಂದು ಲಿಖಿತವಾಗಿ ಕೊಡಬೇಕು. ಇನ್ನೊಂದು ಮಾತು: ಸಂಬಳದಾರರಲ್ಲಿ ಬಹಳ ಜನ ಹೊಸ ತೆರಿಗೆ ಪದ್ಧತಿಗೆ ಹೋಗಿದ್ದಾರೆ, ಅವರಿಗೆ 80ಜಿಯಿಂದ ಲಾಭವಿಲ್ಲ. ಅದೊಂದನ್ನೇ ತೋರಿಸಿ ದೇಣಿಗೆ ಕೇಳಿದರೆ ಫಲ ಕಡಿಮೆ.

ಅಮೆರಿಕದ ಗೆಳೆಯರ ಹಣ. ಇದರಲ್ಲಿ ಆದ ತಪ್ಪನ್ನು ಆಮೇಲೆ ತಿದ್ದಲಾಗದು. ವಿದೇಶದಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಗಳಿಕೆಯಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು, ಕೈಯಲ್ಲಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕಾನೂನಿಗೆ ವಿದೇಶಿ ಮೂಲವೇ. ಅವರು ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ, ಇಲ್ಲಿನ ಅಣ್ಣನ ಖಾತೆಯ ಮೂಲಕ ಕೊಡಿಸಿದರೂ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ಅಡಿ, ನೋಂದಣಿ ಬೇಕು. ಅದಕ್ಕೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ವರ್ಷಗಳಲ್ಲಿ ಉದ್ದೇಶಿತ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು. ಹಣ ಬರುವ ಖಾತೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಇರಬೇಕು. ಆಡಳಿತ ವೆಚ್ಚ ಶೇ 20 ದಾಟಬಾರದು. 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆದ್ದರಿಂದ ಎಫ್‌ಸಿಆರ್‌ಎ ಇರುವ ಬೇರೆ ಟ್ರಸ್ಟಿಗೆ ಹಾಕಿಸಿ ಅಲ್ಲಿಂದ ನಮ್ಮ ಸಂಘಕ್ಕೆ ತರಿಸೋಣ ಎಂಬ ದಾರಿಯೂ ಮುಚ್ಚಿದೆ. ಹಾಗಾಗಿ ವಿದೇಶದಿಂದ ಕೊಡುವ ಪ್ರತಿಯೊಬ್ಬರಿಂದಲೂ ಒಂದು ಪುಟದ ಘೋಷಣೆ ಮತ್ತು ಭಾರತೀಯ ಪಾಸ್‌ಪೋರ್ಟಿನ ನಕಲು ಪಡೆದು, ಅನಿವಾಸಿ ಭಾರತೀಯರಿಗೆಂದೇ ಇರುವ ಅವರ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಬ್ಯಾಂಕ್ ಖಾತೆಯಿಂದಲೇ ಹಣ ತರಿಸಿ. ಪೌರತ್ವ ಬದಲಾದ ಗೆಳೆಯರು ಹಣ ಬಿಟ್ಟು ಕೊಡಬಹುದಾದ್ದು ಬೇಕಾದಷ್ಟಿದೆ: ಆನ್‌ಲೈನ್ ಪಾಠ, ಸಂಶೋಧನಾ ಮಾರ್ಗದರ್ಶನ, ಪಿಎಚ್.ಡಿ. ಅರ್ಜಿಗಳನ್ನು ತಿದ್ದಿಕೊಡುವುದು. ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯದ ಮಕ್ಕಳಿಗೆ ಇದು ಹಣಕ್ಕಿಂತ ದೊಡ್ಡದು.

ಪದಕದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ, ಬೇಡ. ಒಂದು ಲಕ್ಷ ಠೇವಣಿಯಿಟ್ಟರೆ ವರ್ಷಕ್ಕೆ 6,500 ರೂಪಾಯಿ ಬಡ್ಡಿ. ಇಂದಿನ ದರದಲ್ಲಿ ಅದು ಒಂದು ಗ್ರಾಂ ಚಿನ್ನಕ್ಕೂ ಸಾಲದು. ಹಿಂದಿನ ದಶಕಗಳಲ್ಲಿ ಕೆಲವು ಸಾವಿರಕ್ಕೆ ಸ್ಥಾಪಿಸಿದ ಪದಕಗಳು ಚಿನ್ನದ ಲೇಪದವಾಗಿದ್ದು, ಕೆಲವು ಬರೀ ಪ್ರಮಾಣಪತ್ರವಾಗಿದ್ದು ಇದೇ ಕಾರಣಕ್ಕೆ. ಎರಡನೆಯ ತೊಂದರೆ ಷರತ್ತಿನದು. ‘ಇಂಥ ಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ’ ಎಂದು ಬರೆದಿರುತ್ತಾರೆ. ನಮ್ಮ ರಾಜ್ಯದಲ್ಲಿ 2021–22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024–25ರಿಂದ ಪದವಿ ಮತ್ತೆ ಮೂರು ವರ್ಷದ ಚೌಕಟ್ಟಿಗೆ ಮರಳಿತು. ಪ್ರತಿ ಬದಲಾವಣೆಗೂ ಪತ್ರಿಕೆಗಳ ಹೆಸರು ಬದಲಾಗುತ್ತದೆ, ಷರತ್ತಿಗೆ ಹೊಂದುವ ವಿದ್ಯಾರ್ಥಿಯೇ ಇಲ್ಲದೆ ಪದಕ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ದತ್ತಿಯ ಷರತ್ತು ತಿದ್ದಬೇಕೆಂದರೆ ದಾನಿಯ ಒಪ್ಪಿಗೆ ಬೇಕು, ದಾನಿ ತೀರಿಕೊಂಡಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ.

ಇದರ ಬದಲು, ಐದು ವಿದ್ಯಾರ್ಥಿಗಳಿಗೆ ತಲಾ 10,000ದಂತೆ ವರ್ಷಕ್ಕೆ 50,000 ಕೊಡುವ ಲೆಕ್ಕ ಹಾಕಿ. ಬಡ್ಡಿ ಪೂರ್ತಿ ಹಂಚಿದರೆ 7.7 ಲಕ್ಷ ಸಾಕು. ಆದರೆ ಹತ್ತು ವರ್ಷದ ನಂತರ 10,000ಕ್ಕೆ ಬೆಲೆ ಉಳಿಯದು. ಬಡ್ಡಿಯ ಮೂರನೇ ಒಂದು ಭಾಗವನ್ನು ಅಸಲಿಗೆ ಸೇರಿಸುತ್ತ ಹೋಗಬೇಕೆಂದರೆ ಸುಮಾರು 11.5 ಲಕ್ಷ ಬೇಕು. ಅಷ್ಟು ಕೂಡುವ ತನಕ ಮೂವರಿಗೆ ಕೊಡಿ. ಷರತ್ತು ಹೀಗಿರಲಿ: ವಿಭಾಗದ ಯಾವುದೇ ಸ್ನಾತಕೋತ್ತರ ಕೋರ್ಸಿನ ಮೊದಲ ವರ್ಷದ ವಿದ್ಯಾರ್ಥಿ, ಕುಟುಂಬದ ಆದಾಯ ಇಂತಿಷ್ಟರೊಳಗೆ, ಹಾಜರಾತಿ ಇಂತಿಷ್ಟು, ಕೋರ್ಸಿನ ಹೆಸರು ಬದಲಾದರೆ ಅದರ ಸ್ಥಾನಕ್ಕೆ ಬಂದ ಕೋರ್ಸಿಗೆ ಅನ್ವಯ, ಒಂದು ವರ್ಷ ಅರ್ಹರಿಲ್ಲದಿದ್ದರೆ ಮೊತ್ತ ಮೂಲನಿಧಿಗೆ. ಹಣ ಕೈಸೇರುವ ಕಾಲವೂ ಮುಖ್ಯ. ಸಮಾರಂಭ ಮಾಡಿ ಮಾರ್ಚಿನಲ್ಲಿ ಕೊಡುವುದಲ್ಲ, ಪ್ರವೇಶ ಶುಲ್ಕ ಮತ್ತು ಹಾಸ್ಟೆಲ್ ಮುಂಗಡ ಕಟ್ಟುವ ವಾರದಲ್ಲಿ ಕೊಡಬೇಕು. ಮಕ್ಕಳು ಓದು ಬಿಡುವುದು ಆ ವಾರದಲ್ಲೇ.

ಈ ನಿಧಿಯನ್ನು ಸಂಘದಲ್ಲಿಡಬೇಕೋ ವಿಶ್ವವಿದ್ಯಾಲಯಕ್ಕೆ ದತ್ತಿಯಾಗಿ ಕೊಡಬೇಕೋ ಎಂದರೆ, ಸಂಘದ ಆಡಿಟ್ ಸರಿಯಾಗಿ ನಡೆಯುತ್ತಿದ್ದರೆ ಸಂಘದಲ್ಲೇ ಇಡಿ. ವಿಶ್ವವಿದ್ಯಾಲಯಕ್ಕೆ ಕೊಟ್ಟ ದತ್ತಿಗೆ ಸಿಂಡಿಕೇಟ್ ಒಪ್ಪಿಗೆ ಬೇಕು. ಒಮ್ಮೆ ಒಳಹೋದ ಮೇಲೆ ಅದು ಕಾಯಂ ಆದರೂ, ಪ್ರತಿ ವರ್ಷ ಬಡ್ಡಿ ಬಿಡುಗಡೆಗೆ ಕಡತ ಓಡಬೇಕು. ದೊಡ್ಡ ದೇಣಿಗೆಗಳ ಮಾತು ಬೇರೆ. ನಂದನ್ ನಿಲೇಕಣಿಯವರು 2023ರಲ್ಲಿ ಐಐಟಿ ಬಾಂಬೆಗೆ 315 ಕೋಟಿ ಕೊಟ್ಟರು, ಅಷ್ಟು ದೊಡ್ಡ ಮೊತ್ತ ನಿಭಾಯಿಸುವ ವ್ಯವಸ್ಥೆ ಅಂಥ ಸಂಸ್ಥೆಯೊಳಗೇ ಇರುತ್ತದೆ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಆ ಕೆಲಸಕ್ಕೆಂದೇ ಒಬ್ಬ ಅಧಿಕಾರಿ ಸಿಗುವುದು ಅಪರೂಪ. ಉಪಕರಣ ಕೊಡುವುದಾದರೆ ಹಣ ಕೊಡಬೇಡಿ. ವಿಶ್ವವಿದ್ಯಾಲಯದ ಖಾತೆಗೆ ಹೋದ ಹಣದಿಂದ ಖರೀದಿಗೆ ಸರ್ಕಾರಿ ಖರೀದಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಬೇಕಾಗಬಹುದು, ತಿಂಗಳುಗಳು ಹೋಗುತ್ತವೆ. ಸಂಘವೇ ಕೊಂಡು ಹಸ್ತಾಂತರಿಸಲಿ, ವಿಭಾಗದ ದಾಸ್ತಾನು ಪುಸ್ತಕದಲ್ಲಿ ನಮೂದಾದ ಪುಟದ ನಕಲು ಪಡೆಯಲಿ. ಬೆಲೆಯ ಜೊತೆಗೆ ಮೂರು ವರ್ಷದ ನಿರ್ವಹಣಾ ಒಪ್ಪಂದಕ್ಕೂ ಹಣ ತೆಗೆದಿಡಿ. ಒಂದು ದೀಪ ಸುಟ್ಟದ್ದಕ್ಕೆ ಮೂಲೆ ಸೇರಿದ ಪ್ರೊಜೆಕ್ಟರುಗಳು ಹೆಚ್ಚುಕಡಿಮೆ ಪ್ರತಿ ವಿಭಾಗದಲ್ಲೂ ಸಿಗುತ್ತವೆ.

ಅತಿಥಿ ಉಪನ್ಯಾಸಕರ ಸಂಬಳಕ್ಕೆ ಹಣ ಕೊಡಿ ಎಂದು ಕೇಳಿದರೆ ಒಪ್ಪಬೇಡಿ. ಖಾಲಿ ಹುದ್ದೆ ತುಂಬುವುದು ಸರ್ಕಾರದ ಹೊಣೆ. ಹಳೆ ವಿದ್ಯಾರ್ಥಿಗಳು ಆ ಜಾಗ ತುಂಬಿದರೆ ಹುದ್ದೆ ಇನ್ನಷ್ಟು ವರ್ಷ ಖಾಲಿಯೇ ಇರುತ್ತದೆ. ಅದರ ಬದಲು ಸಂಘದ ಲೆಟರ್‌ಹೆಡ್ಡಿನಲ್ಲಿ ಉನ್ನತ ಶಿಕ್ಷಣ ಇಲಾಖೆಗೆ ಬರೆಯಿರಿ. ಅಂಥ ಪತ್ರಕ್ಕೆ ಬೆಲೆ ಇದೆ.

ವಿಶ್ವವಿದ್ಯಾಲಯಕ್ಕೂ ನಿಮ್ಮಿಂದ ಒಂದು ಅಗತ್ಯವಿದೆ ಎಂಬುದು ನೆನಪಿರಲಿ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಮಂಡಳಿಯ ಮೌಲ್ಯಮಾಪನದ ಐದನೇ ಮಾನದಂಡದಲ್ಲಿ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೇ ಅಂಕಗಳಿವೆ. ನೋಂದಾಯಿತ ಸಂಘ ಇದೆಯೇ, ಐದು ವರ್ಷದಲ್ಲಿ ಎಷ್ಟು ನೆರವು ಬಂತು ಎಂದು ಕೇಳುತ್ತಾರೆ. ತಂಡ ಬರುವ ತಿಂಗಳಲ್ಲಿ ಮಾತ್ರ ಸಂಘಕ್ಕೆ ಕರೆ ಬರುವುದು ಇದರಿಂದಲೇ. ಆ ಸಮಯವನ್ನು ಒಪ್ಪಂದ ಪತ್ರಕ್ಕೆ ಬಳಸಿಕೊಳ್ಳಿ. ಕೊಠಡಿ, ಲಾಂಛನ, ಆಂತರಿಕ ಗುಣಮಟ್ಟ ಖಾತರಿ ಕೋಶದಲ್ಲಿ ಸಂಘದ ಪ್ರತಿನಿಧಿ, ಘಟಿಕೋತ್ಸವದ ದಿನ ನೋಂದಣಿ ಮೇಜು ಇಷ್ಟೂ ಅದರಲ್ಲಿರಲಿ.

ಆ ಮೇಜಿನ ಕೆಲಸವನ್ನು ಯಾರೂ ಹಗುರವಾಗಿ ಕಾಣಬಾರದು. ಸಂಘದ ನಿಜವಾದ ಆಸ್ತಿ ವಿಳಾಸಗಳ ಪಟ್ಟಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂದ ಮೇಲೆ ವಿಶ್ವವಿದ್ಯಾಲಯದಿಂದ ಪಟ್ಟಿಯನ್ನು ಸಾರಾಸಗಟಾಗಿ ಪಡೆಯುವ ಯೋಚನೆ ಬಿಡಿ. ವಿದ್ಯಾರ್ಥಿಯ ಒಪ್ಪಿಗೆಯೊಂದಿಗೆ ನೀವೇ ಸಂಗ್ರಹಿಸಬೇಕು. ಹೆಸರು, ನೋಂದಣಿ ಸಂಖ್ಯೆ, ಉತ್ತೀರ್ಣರಾದ ವರ್ಷ, ಕಾಲೇಜು ಕೊಟ್ಟದ್ದಲ್ಲದ ಸ್ವಂತ ಇಮೇಲ್, ಮೊಬೈಲ್, ಮತ್ತು ಮನೆಯ ಇನ್ನೊಬ್ಬರ ಮೊಬೈಲ್. ಕೆಲಸ ಸಿಕ್ಕಿ ಊರು ಬಿಟ್ಟವರ ಸಂಖ್ಯೆ ಬದಲಾದಾಗ ಸಂಪರ್ಕ ಉಳಿಯುವುದು ಆ ಕೊನೆಯ ಸಂಖ್ಯೆಯಿಂದ. ಪಟ್ಟಿಯನ್ನು ಯಾವ ಕಾರಣಕ್ಕೂ ಹೊರಗೆ ಕೊಡಬಾರದು. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆ ಬಂದಾಗ ಮೊದಲು ಕೇಳಿಕೊಂಡು ಬರುವುದು ಇದನ್ನೇ, ಕೇಳುವವರಲ್ಲಿ ನಿಮ್ಮದೇ ಸದಸ್ಯರೂ ಇರುತ್ತಾರೆ. ಪಟ್ಟಿ ಹೊರಗೆ ಹೋಗುವುದಿಲ್ಲ ಎಂಬ ಠರಾವನ್ನು ಮೊದಲ ಸಭೆಯಲ್ಲೇ ಅಂಗೀಕರಿಸಿ ನಡಾವಳಿಯಲ್ಲಿ ಬರೆಸಿಡಿ.